ಗಾಯ ಮಾಯ್ದಿತು, ಕೈ ಸಿದ್ಧವಾಯಿತೆ?

ಬೆಂಗಳೂರಿನ ಪೀಣ್ಯದ ಸಣ್ಣ ಶೆಡ್ಡುಗಳ ಮುಂದೆ ನಡೆದುಹೋಗುವವರಿಗೆ ಪವರ್ ಪ್ರೆಸ್ಸಿನ ಸದ್ದು ಅಪರಿಚಿತವಲ್ಲ. ತಗಡನ್ನು ಅಚ್ಚಿನ ಕೆಳಗಿಡುವುದು, ಪೆಡಲನ್ನು ತುಳಿಯುವುದು, ಒತ್ತಿದ ಬಿಲ್ಲೆಯನ್ನು ತೆಗೆಯುವುದು; ಬೆಳಗಿನಿಂದ ಸಂಜೆಯವರೆಗೆ ಇದೇ. ಕೈ ಹಿಂದೆ ಬರುವ ಮುನ್ನವೇ ಕಾಲು ಪೆಡಲನ್ನು ಒತ್ತಿದರೆ ತೀರಿತು. ಯಂತ್ರಕ್ಕೆ ತಗಡೂ ಒಂದೇ, ಬೆರಳೂ ಒಂದೇ.

ಹೀಗೆ ಕೈ ಜಜ್ಜಿಸಿಕೊಂಡವನ ಕಥೆ ಆಸ್ಪತ್ರೆಯಲ್ಲಿಯೇ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ 'ಕೆಲಸಕ್ಕೆ ಯೋಗ್ಯ' ಎಂದು ವೈದ್ಯರು ಬರೆದುಕೊಟ್ಟ ದಿನ ಅವನ ಇನ್ನೊಂದು ಪರೀಕ್ಷೆ ಆರಂಭವಾಗುತ್ತದೆ.

ಹೊಲಿಗೆ ಬಿಚ್ಚಲು ಸುಮಾರು ಎರಡು ವಾರ ಸಾಕು. ಆದರೆ ಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಗಿ, ಅದನ್ನು ಜೋಡಿಸಿದ್ದರೆ, ಭಾರದ ಕೆಲಸವನ್ನು ತಾಳಲು ಅದಕ್ಕೆ ಸುಮಾರು 12 ವಾರಗಳು ಬೇಕು. ಅದಕ್ಕೆ ಮುಂಚೆ ಬಲವಾಗಿ ಹಿಡಿದರೆ ಕೂಡಿದ್ದು ಮತ್ತೆ ಹರಿದೀತು; ಅಲುಗಿಸದೆಯೇ ಇಟ್ಟರೆ ಬೆರಳು ಬಿಗಿದು ನಿಂತೀತು. ಕಡಿದ ನರವಂತೂ ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಅಲ್ಲಿಯವರೆಗೆ ಆ ಬೆರಳಿಗೆ ತಗಡಿನ ಬಿಸಿಯೂ ತಿಳಿಯದು, ಅಂಚಿನ ಹರಿತವೂ ತಿಳಿಯದು. ನೋವಿಗೆಂದು ನುಂಗಿದ ಮಾತ್ರೆ ತೂಕಡಿಕೆ ತರುವಂಥದಾದರೆ ಅಪಾಯ ಇಮ್ಮಡಿ. ಇನ್ನು ಭಯದ ಮಾತು. ಪ್ರೆಸ್ ಇಳಿಯುವ ಸದ್ದಿಗೇ ಬೆಚ್ಚಿಬೀಳುವವನ ಗಮನ ಕೆಲಸದಲ್ಲಿ ನೆಲೆನಿಲ್ಲುವುದೆಂತು?

1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಆರಂಭವಾದ ಇ.ಎಸ್.ಐ. ಯೋಜನೆ ಇಂಥವರಿಗೆ ದೊಡ್ಡ ಆಸರೆಯಾಯಿತು. ದುಡಿಯಲಾಗದ ದಿನಗಳಿಗೆ ಅದು ಕೊಡುವ ಹಣ ಕಾಲಕ್ರಮದಲ್ಲಿ ಕೂಲಿಯ ಶೇಕಡಾ 90ಕ್ಕೆ ಏರಿತು. ಆ ಅವಧಿಯಲ್ಲಿ ಗಾಯಾಳುವನ್ನು ಕೆಲಸದಿಂದ ತೆಗೆಯಬಾರದೆಂದು 1948ರ ಕಾಯಿದೆ ಮಾಲೀಕರಿಗೆ ವಿಧಿಸಿತು. ಕಳೆದುಹೋದ ಬೆರಳಿಗೂ ಲೆಕ್ಕವಿತ್ತು. 1923ರ ಪರಿಹಾರ ಕಾಯಿದೆಯ ಪಟ್ಟಿಯಂತೆ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ಕಿರುಬೆರಳಿಗೆ 7. ಕಿರುಬೆರಳಿಲ್ಲದೆ ಸುತ್ತಿಗೆ ಹಿಡಿದು ನೋಡಿದವರಿಗೆ ಈ 7ರ ಲೆಕ್ಕ ನಗೆ ತರಿಸೀತು!

ಆದರೆ 1948ರ ಕಾಯಿದೆಯ ಏರ್ಪಾಟಿನಲ್ಲಿ ಒಂದು ಕಂದಕವಿತ್ತು. ಕೂಲಿ ಪಡೆದು ದುಡಿದ ದಿನಕ್ಕೆ ವಿಮೆಯ ಹಣವಿಲ್ಲ. ಮೊದಲ ವಾರ ದಿನಕ್ಕೆ ಎರಡು ಗಂಟೆ, ಮರುವಾರ ನಾಲ್ಕು ಗಂಟೆ ದುಡಿದು ಕೈಯನ್ನು ಪಳಗಿಸಿಕೊಳ್ಳಬೇಕೆಂಬವನು ಉಳಿದ ಗಂಟೆಗಳ ಕೂಲಿಯನ್ನು ಯಾರಲ್ಲಿ ಕೇಳಬೇಕು? ಅದು ಮಾಲೀಕರ ಔದಾರ್ಯಕ್ಕೆ ಬಿಟ್ಟ ವಿಷಯವಾಯಿತು. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಖರ್ಚು ನೆನೆದು ಪೂರ್ತಿ ಪಾಳಿಗೆ, ಅದೇ ಪ್ರೆಸ್ಸಿನ ಮುಂದಕ್ಕೆ ಬಂದು ನಿಂತವರೆಷ್ಟೋ.

ತಿಳಿದ ಫೋರ್‌ಮನ್ ಇಂಥವನನ್ನು ನೇರವಾಗಿ ಪ್ರೆಸ್ಸಿಗೆ ಕೂರಿಸುವುದಿಲ್ಲ. ಕೆಲವು ವಾರ ಅಳತೆ ನೋಡುವ ಕೆಲಸ, ಎಣಿಸಿ ಕಟ್ಟುವ ಕೆಲಸ; ರಾತ್ರಿಪಾಳಿಯಿಲ್ಲ, ಒಂಟಿಯಾಗಿ ಬಿಡುವುದಿಲ್ಲ. ಮಾಯ್ದ ಕೈಗೆ ದಪ್ಪ ಕೈಚೀಲ ತೊಡಿಸಿ ತಿರುಗುವ ಡ್ರಿಲ್ಲಿನ ಹತ್ತಿರಕ್ಕಂತೂ ಕಳುಹಿಸುವುದೇ ಇಲ್ಲ. ಬಟ್ಟೆ ಸಿಕ್ಕಿದರೆ ಕೈಯೂ ಸುತ್ತಿಕೊಂಡು ಹೋಗುತ್ತದೆ.

ಎರಡು ಕೈಗಳೂ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಲ್ಲದೆ ಪ್ರೆಸ್ ಇಳಿಯದಂತೆ ಮಾಡುವುದು ಹಳೆಯ ಉಪಾಯವೇ. ಕೆಲಸ ನಿಧಾನವಾಗುವುದೆಂದು ಅದರಲ್ಲೊಂದು ಗುಂಡಿಯನ್ನು ಕಡ್ಡಿ ಸಿಕ್ಕಿಸಿ ಒತ್ತಿಯೇ ಇಡುವ ಜಾಣರೂ ಉಂಟು. ಗಾಯಗೊಂಡವನು ಮರಳುವ ಮುನ್ನ ಆ ಕಡ್ಡಿಯನ್ನು ತೆಗೆದು, ಅಚ್ಚಿನ ಮುಂದೆ ಜಾಲರಿಯ ತಡೆ ಬಿಗಿದು, ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಅವನ ಒಳ್ಳೆಯ ಕೈಗೆ ಎಟಕುವಂತಿದೆಯೆ ಎಂದು ಅವನನ್ನೇ ನಿಲ್ಲಿಸಿ ನೋಡಬೇಕು.