ದುಭಾಷಿ ಚುರುಕಾದರೆ ಆಟವೂ ಚುರುಕು



ಗಡಿಯ ಹಳ್ಳಿಗಳಲ್ಲಿರುವ ನಮಗೆ ದುಭಾಷಿಯ ಕೆಲಸ ಹೊಸದೇನಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಅಜ್ಜಿ ಹೇಳಿದ ಒಂದೊಂದು ಮಾತನ್ನೂ ಪಕ್ಕದಲ್ಲಿ ನಿಂತ ಮೊಮ್ಮಗ ಗುಮಾಸ್ತರಿಗೆ ತಿಳಿಸಬೇಕು, ಅವರ ಉತ್ತರವನ್ನು ಮತ್ತೆ ಅಜ್ಜಿಗೆ ಹೇಳಬೇಕು. ಕೆಲಸವೇನೋ ಆಗುತ್ತದೆ, ಆದರೆ ನಿಧಾನ. ನಿಮ್ಮ ಮಕ್ಕಳು ಶಾಲೆಯ ಕಂಪ್ಯೂಟರಿನಲ್ಲಿ ತಯಾರಿಸುವ ಆಟಗಳ ಒಳಗೂ ಇಂಥದೇ ಒಬ್ಬ ದುಭಾಷಿ ಇದ್ದಾನೆ. ಅವನ ಕೆಲಸವನ್ನು ಹೇಗೆ ಚುರುಕುಗೊಳಿಸಿದರು ಎಂಬುದೇ ಇಂದಿನ ಮಾತು.

ಸ್ಕ್ರ್ಯಾಚ್ ಎಂಬ ಹೆಸರನ್ನು ನೀವು ಮಕ್ಕಳ ಬಾಯಲ್ಲಿ ಕೇಳಿರಬಹುದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ, 2007ರಲ್ಲಿ ಎಲ್ಲರಿಗೂ ಉಚಿತವಾಗಿ ನೀಡಿದ ಭಾಷೆ ಇದು. ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕೂಟಗಳಲ್ಲಿ ಇದನ್ನು ಕಲಿಸುತ್ತಾರೆ. ಕಾಸರಗೋಡು ಜಿಲ್ಲೆಯ ಶಾಲೆಗಳೂ ಅದರಲ್ಲಿವೆ. ಇಲ್ಲಿ ಆಜ್ಞೆಗಳನ್ನು ಟೈಪು ಮಾಡಬೇಕಾಗಿಲ್ಲ. ‘ಹತ್ತು ಹೆಜ್ಜೆ ನಡೆ’, ‘ಅಂಚಿಗೆ ತಾಗಿದರೆ ಹಿಂದಿರುಗು’ ಎಂಬಂಥ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ನಮ್ಮ ಬಯಲಾಟದ ಹಾಗೆ ಇಲ್ಲಿಯೂ ರಂಗಸ್ಥಳವಿದೆ, ಪಾತ್ರಗಳಿವೆ, ಪ್ರತಿ ಪಾತ್ರಕ್ಕೂ ವೇಷಗಳಿವೆ.

ಒಂದು ಬೆಕ್ಕು, ಒಂದು ಚೆಂಡು ಇರುವ ತನಕ ಆಟ ಸಲೀಸಾಗಿ ಓಡುತ್ತದೆ. ಪಾತ್ರಗಳು ನೂರಾದಾಗ, ಲೆಕ್ಕಾಚಾರ ಹೆಚ್ಚಿದಾಗ ಅದು ತಡವರಿಸತೊಡಗುತ್ತದೆ. ಆಗ ‘ಈ ಹಳೆಯ ಕಂಪ್ಯೂಟರಿನಿಂದ ಆಗದು’ ಎಂದೋ, ‘ಮಕ್ಕಳ ಭಾಷೆಯಲ್ಲವೇ, ಇಷ್ಟೇ’ ಎಂದೋ ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಹೊಸ ಯಂತ್ರ ಕೊಳ್ಳಲು ಹಣವಿಲ್ಲದ ಶಾಲೆಯಲ್ಲಿ ಈ ತೀರ್ಮಾನದಿಂದ ಮಗುವಿನ ಕಲಿಕೆಯೇ ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ನಿಧಾನಕ್ಕೆ ನಿಜವಾದ ಕಾರಣವೇನು ಎಂದು ನಾವು ತಿಳಿದಿರಬೇಕು.

ಮೊದಲ ಕಾರಣ ಭಾಷಾಂತರ. ಕಂಪ್ಯೂಟರಿಗೆ ನೇರವಾಗಿ ತಿಳಿಯುವುದು ಅದರದೇ ಯಂತ್ರಭಾಷೆ ಮಾತ್ರ. ಮಗು ಜೋಡಿಸಿದ ತುಂಡುಗಳನ್ನು ಒಳಗಿನ ದುಭಾಷಿ ಒಂದೊಂದಾಗಿ ನೋಡಿ, ಇದರ ಅರ್ಥವೇನೆಂದು ತಿಳಿದು, ಆ ಕೆಲಸ ಮಾಡಿಸುತ್ತಾನೆ. ಒಂದೇ ತುಂಡು ಸಾವಿರ ಸಲ ಬಂದರೆ ಸಾವಿರ ಸಲವೂ ಇದೇ ವಿಚಾರಣೆ. ಅದೂ ಅಲ್ಲದೆ, 2019ರ ಜನವರಿಯಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಈ ದುಭಾಷಿಯನ್ನೇ ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯಲ್ಲಿ ಬರೆದಿದ್ದಾರೆ. ಆ ಜಾವಾಸ್ಕ್ರಿಪ್ಟನ್ನು ಯಂತ್ರಭಾಷೆಗೆ ತಿರುಗಿಸಲು ಬ್ರೌಸರಿನೊಳಗೆ ಮತ್ತೊಬ್ಬ ದುಭಾಷಿ. ಕನ್ನಡದಿಂದ ಮಲಯಾಳಕ್ಕೆ ಒಬ್ಬರು, ಮಲಯಾಳದಿಂದ ಇಂಗ್ಲಿಷಿಗೆ ಇನ್ನೊಬ್ಬರು ನಿಂತ ಹಾಗಾಯಿತು.

ಎರಡನೆಯ ಕಾರಣ, ಬೇಕೆಂದೇ ಇಟ್ಟ ತಡೆ. ಸ್ಕ್ರ್ಯಾಚ್ ಸೆಕೆಂಡಿಗೆ 30 ಸಲ ಪರದೆಯ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಪಾತ್ರವನ್ನು ಚಲಿಸುವ ಒಂದು ಸುತ್ತು ಮುಗಿದೊಡನೆ ಅದು ನಿಂತು, ಉಳಿದ ಪಾತ್ರಗಳಿಗೂ ಸರದಿ ಕೊಟ್ಟು, ಚಿತ್ರ ಬರೆದು ಮುಂದಕ್ಕೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ‘300 ಸಲ ಹೆಜ್ಜೆ ಇಡು’ ಎಂದರೆ ಎಷ್ಟೇ ಬೆಲೆಯ ಕಂಪ್ಯೂಟರಿನಲ್ಲಾದರೂ 10 ಸೆಕೆಂಡು ಬೇಕೇ ಬೇಕು. ಈ ತಡೆಯಿಂದ ಉಪಕಾರವೂ ಇದೆ. ಅದು ಇರುವುದರಿಂದಲೇ ಬೆಕ್ಕು ನಡೆಯುವುದು ಮಗುವಿನ ಕಣ್ಣಿಗೆ ಕಾಣುತ್ತದೆ. ಇಲ್ಲದಿದ್ದರೆ ಈ ತುದಿಯಲ್ಲಿದ್ದ ಬೆಕ್ಕು ಆ ತುದಿಯಲ್ಲಿ ಪ್ರತ್ಯಕ್ಷವಾಗುತ್ತಿತ್ತು.

ಇನ್ನು ಪರಿಹಾರಕ್ಕೆ ಬರೋಣ. ತಡೆಯ ವಿಷಯದಲ್ಲಿ ಸ್ಕ್ರ್ಯಾಚಿನಲ್ಲಿಯೇ ಒಳ್ಳೆಯ ಉಪಾಯವಿದೆ. ಮಗು ತನ್ನದೇ ಹೊಸ ತುಂಡೊಂದನ್ನು ಮಾಡಿಕೊಳ್ಳುವಾಗ, ಪರದೆಯನ್ನು ಮತ್ತೆ ಮತ್ತೆ ಬರೆಯದೆ ನಡೆಸು ಎಂಬ ಗುರುತು ಹಾಕಬಹುದು. 2013ರಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಈ ಸೌಕರ್ಯವಿದೆ. ಕಣ್ಣಿಗೆ ಕಾಣಬೇಕಾದ ನಡಿಗೆಯನ್ನು ಹೊರಗೆ ಬಿಟ್ಟು, ಲೆಕ್ಕ ಮಾಡುವುದು, ರಂಗೋಲಿ ಬಿಡಿಸುವುದು ಮೊದಲಾದವನ್ನು ಇಂಥ ತುಂಡಿನೊಳಗೆ ಇಟ್ಟರೆ ಕೆಲವು ಸೆಕೆಂಡಿನ ಕೆಲಸ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಭಾಷಾಂತರಕ್ಕೆ ಪರಿಹಾರ ಇನ್ನೂ ಸ್ವಾರಸ್ಯವಾದದ್ದು. ಅಜ್ಜಿಯ ಅರ್ಜಿಯನ್ನು ಮನೆಯಲ್ಲೇ ಪೂರ್ತಿಯಾಗಿ ಕಚೇರಿಯ ಭಾಷೆಗೆ ಬರೆಸಿಕೊಂಡು ಹೋದರೆ ಏನಾಗುತ್ತದೆ? ಎಷ್ಟು ಮೇಜು ದಾಟಿದರೂ ಮತ್ತೆ ದುಭಾಷಿ ಬೇಡ. ಎಂ.ಐ.ಟಿ.ಯ ಹೊರಗೆ, ಸ್ವತಂತ್ರವಾಗಿ ಬೆಳೆದ ಟರ್ಬೊವಾರ್ಪ್ ಎಂಬ ತಂತ್ರಾಂಶ ಮಾಡುವುದು ಇದನ್ನೇ. ಮಗುವಿನ ತುಂಡುಗಳ ಸಾಲನ್ನು ಮೊದಲೇ ಒಟ್ಟಾಗಿ ಜಾವಾಸ್ಕ್ರಿಪ್ಟಿಗೆ ತಿರುಗಿಸಿಡುತ್ತದೆ. ಇಬ್ಬರಲ್ಲಿ ಒಬ್ಬ ದುಭಾಷಿ ಕಡಿಮೆಯಾದ. ಲೆಕ್ಕಾಚಾರ ಹೆಚ್ಚಿರುವ ಆಟಗಳು ಹತ್ತಾರು ಪಟ್ಟು ವೇಗ ಪಡೆಯುವುದೂ ಉಂಟು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ಕ್ರ್ಯಾಚಿನಲ್ಲಿ ಒಂದು ಡಬ್ಬಿಗೆ ಅಂಕಿಯನ್ನೂ ಹಾಕಬಹುದು, ಹೆಸರನ್ನೂ ಹಾಕಬಹುದು. ಕಲಿಯುವವರಿಗೆ ಇದು ಸುಲಭ. ಆದರೆ ಪ್ರತಿ ಸಲ ಕೂಡಿಸುವಾಗಲೂ ‘ಇದು ಅಂಕಿಯೇ, ಅಕ್ಷರವೇ’ ಎಂದು ದುಭಾಷಿ ಪರೀಕ್ಷಿಸಬೇಕು. ಒಂದು ಲೆಕ್ಕದ ಫಲ ಎಂದಿಗೂ ಅಂಕಿಯೇ ಆಗಿರುತ್ತದೆಂದು ಮೊದಲೇ ತಿಳಿದರೆ ಟರ್ಬೊವಾರ್ಪ್ ಅಲ್ಲಿ ಆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತದೆ. ಲಕ್ಷ ಸಲ ನಡೆಯುವ ಕೆಲಸದಲ್ಲಿ ಲಕ್ಷ ವಿಚಾರಣೆ ಉಳಿಯಿತು.

ಆದರೆ ಒಂದು ಎಚ್ಚರಿಕೆ. ಟರ್ಬೊವಾರ್ಪಿನಲ್ಲಿ ಚಿತ್ರಗಳ ಸಂಖ್ಯೆಯನ್ನು ಸೆಕೆಂಡಿಗೆ 60ಕ್ಕೆ ಏರಿಸುವ ಅವಕಾಶವೂ ಇದೆ. 30ಕ್ಕೆ ಹೊಂದಿಸಿ ಮಾಡಿದ ಆಟದಲ್ಲಿ ಚೆಂಡು ಆಗ ಎರಡು ಪಟ್ಟು ಓಡಬಹುದು. ವೇಗವೆಂದರೆ ಚೆಂಡಿನ ಓಟವಲ್ಲ, ತಡವರಿಸದೆ ಸಾಗುವುದು ಎಂದು ಮಕ್ಕಳಿಗೆ ತಿಳಿಸಿಕೊಡಿ.

ತಂತ್ರಾಂಶ ಬದಲಿಸದೆ ಮಗುವೇ ಮಾಡಬಹುದಾದ ಮಿತವ್ಯಯವೂ ಇದೆ. ರಂಗಸ್ಥಳದ ಅಳತೆ ಅಗಲಕ್ಕೆ 480, ಎತ್ತರಕ್ಕೆ 360 ಅಷ್ಟೇ. ಮೊಬೈಲಿನಲ್ಲಿ ತೆಗೆದ ಭಾರೀ ಫೋಟೋವನ್ನು ಹಾಗೆಯೇ ತುಂಬಿದರೆ ಹೊರೆ ಹೆಚ್ಚುತ್ತದೆ, ಕುಗ್ಗಿಸಿ ಹಾಕಬೇಕು. ಪಾತ್ರಗಳಿಂದ ಹುಟ್ಟಿಸುವ ಪ್ರತಿಗಳಿಗೆ ಇಡೀ ಆಟಕ್ಕೆ ಒಟ್ಟಾಗಿ ಸ್ಕ್ರ್ಯಾಚ್ ಇಟ್ಟಿರುವ ಮಿತಿ 300. ಕೆಲಸ ಮುಗಿದ ಪ್ರತಿಗಳನ್ನು ಆಗಿಂದಾಗಲೇ ಅಳಿಸಬೇಕು. ‘ಈ ಬಣ್ಣಕ್ಕೆ ತಾಗಿತೇ’ ಎಂಬ ಪ್ರಶ್ನೆಗೆ ಕಂಪ್ಯೂಟರ್ ಚುಕ್ಕಿ ಚುಕ್ಕಿಯನ್ನೂ ನೋಡಬೇಕಾಗುತ್ತದೆ. ‘ಎಷ್ಟು ದೂರದಲ್ಲಿದೆ’ ಎಂದು ಕೇಳಿದರೆ ಒಂದು ಸಣ್ಣ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಎಲ್ಲಿ ಸಮಯ ಸೋರುತ್ತಿದೆ ಎಂದು ಹುಡುಕುವ ಈ ಅಭ್ಯಾಸ ಮುಂದೆ ಯಾವ ಭಾಷೆ ಕಲಿತರೂ ಕೈಹಿಡಿಯುತ್ತದೆ.

ಈ ಸುಧಾರಣೆಗಳಲ್ಲಿ ನಮಗೆ ಮುಖ್ಯವಾದ ಸಂಗತಿಯೊಂದಿದೆ. ವೇಗ ಬೇಕೆಂದು ಯಾರೂ ಮಗುವಿಗೆ ‘ನಿನ್ನ ಸುಲಭ ಭಾಷೆ ಬಿಟ್ಟು ಕಷ್ಟದ್ದನ್ನು ಕಲಿ’ ಎನ್ನಲಿಲ್ಲ. ಮಗು ಆಡುವ ಮಾತು ಹಾಗೆಯೇ ಉಳಿಯಿತು, ಅದೇ ಬಣ್ಣದ ತುಂಡುಗಳು. ಬದಲಾದದ್ದು ಹಿಂದೆ ನಿಂತ ದುಭಾಷಿಯ ರೀತಿ. ಮನೆಯಲ್ಲಿ ಒಂದು ಮಾತು, ಹೊರಗೆ ಇನ್ನೊಂದು ಮಾತು ಆಡಿ ಬದುಕುವ ನಮಗೆ ಇದರ ಬೆಲೆ ಗೊತ್ತು. ಹಾಗಾಗಿ ಶಾಲೆಯ ಹಳೆಯ ಕಂಪ್ಯೂಟರನ್ನು ಮೂಲೆಗೆ ತಳ್ಳುವ ಮುನ್ನ, ನಿಮ್ಮ ಮಗುವಿನ ಪಕ್ಕದಲ್ಲಿ ಕುಳಿತು ಕೇಳಿ: ನಿನ್ನ ಆಟ ಎಲ್ಲಿ ತಡೆಯುತ್ತಿದೆ, ಯಾಕೆ ತಡೆಯುತ್ತಿದೆ? ಉತ್ತರವನ್ನು ಅದು ನಿಮ್ಮದೇ ಮಾತಿನಲ್ಲಿ ಹೇಳಲಿ.