‘ಖರ್ಚು’ ಅಂದ್ರೆ ಯಾವುದು? ಗಡಿಭಾಗದ ಹಲ್ಲಿನ ದವಾಖಾನೆ ಮತ್ತು ಆದಾಯ ತೆರಿಗೆಯ ಲೆಕ್ಕ

ಕನ್ನಡ ಎಂ.ಎ. ಓದುವವನಿಗೆ ಇನ್‌ಕಮ್ ಟ್ಯಾಕ್ಸ್ ಯಾಕೆ ಅಂತ ನೀವು ಕೇಳಬಹುದು. ನನ್ನ ವಿಷಯ ಒಂದು ಪದ: ‘ಖರ್ಚು’. ಉಮರ್ಗಾ, ನಿಲಂಗಾ, ಉದಗೀರ ಕಡೆ ಕನ್ನಡದ ಮನೆಯಲ್ಲೂ ಮರಾಠಿ ಮನೆಯಲ್ಲೂ ಲೆಕ್ಕಕ್ಕೆ ಜಮಾ, ಖರ್ಚು, ವಸೂಲಿ, ರಸೀದಿ ಇವೇ ಪದಗಳು. ಅರಬ್ಬಿ-ಫಾರಸಿ ಮೂಲದವು. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ತನಕ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ಬದಲಾಯಿತು, ಲೆಕ್ಕದ ಪದ ಬದಲಾಗಲಿಲ್ಲ. ತೊಡಕು ಬರೋದು ರಿಟರ್ನ್ ತುಂಬುವಾಗ.

ನನ್ನ ಅತ್ತಿಗೆ ಆ ಭಾಗದಲ್ಲಿ ಸ್ವಂತ ಹಲ್ಲಿನ ದವಾಖಾನೆ ನಡೆಸ್ತಾರೆ. ಅವರ ವಹಿಯಲ್ಲಿ ‘ಖರ್ಚು’ ಅಂತ ಒಂದೇ ಕಾಲಂ. ಹಲ್ಲಿನ ಕ್ಯಾಪ್ ಮಾಡಿಕೊಡುವ ಲ್ಯಾಬಿನ ಬಿಲ್ಲು, ಸಹಾಯಕಿಯ ಪಗಾರ, ಕುರ್ಚಿಯ ಸಾಲದ ಕಂತು, ಮನೆಯ ಕಿರಾಣಿ ಎಲ್ಲವೂ ಅದರಲ್ಲೇ. ನಾನು ಆಕ್ಷೇಪ ಎತ್ತಿದಾಗ, “ತಮ್ಮಾ, ರೊಕ್ಕ ಕೈಬಿಟ್ಟು ಹೋದ ಮ್ಯಾಲ ಅದು ಖರ್ಚೇ ಅಲ್ಲೇನು?” ಅಂದರು. ಭಾಷೆಯ ದೃಷ್ಟಿಯಿಂದ ಅವರ ಮಾತು ಸರಿ. ಕಾನೂನು ಮಾತ್ರ ಆ ಒಂದು ಪದವನ್ನು ಒಡೆದು ನೋಡುತ್ತದೆ. ಬಾಡಿಗೆ, ಪಗಾರ, ಲ್ಯಾಬ್, ಔಷಧಿ, ಮಹಾರಾಷ್ಟ್ರದ ವರ್ಷಕ್ಕೆ 2,500 ರೂಪಾಯಿಯ ವೃತ್ತಿ ತೆರಿಗೆ: ಇವು ಆದಾಯದಿಂದ ಕಳೆಯುವ ಖರ್ಚು. ಮನೆಯ ಕಿರಾಣಿ ಅಲ್ಲ. ಸಾಲದ ಕಂತಿನಲ್ಲಿ ಬಡ್ಡಿ ಖರ್ಚು, ಅಸಲು ಅಲ್ಲ. ಕುರ್ಚಿಯ ಬೆಲೆ ಒಂದೇ ವರ್ಷದ ಖರ್ಚಲ್ಲ. ಉಳಿದ ಬೆಲೆಯ ಮೇಲೆ ವರ್ಷಕ್ಕೆ 15% ಸವಕಳಿ ಅಂತ ಕಳೀತಾ ಹೋಗಬೇಕು. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಇಷ್ಟೆಲ್ಲ ಬೇಡ ಅನ್ನುವವರಿಗೆ 1961ರ ಕಾಯ್ದೆಯಲ್ಲಿ 44ಎಡಿಎ ಎಂಬ ಕಲಮು ಅದ. 2016-17ರಿಂದ ಜಾರಿಯಲ್ಲಿದೆ. ಒಟ್ಟು ವಸೂಲಿ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ನಮೂನೆ ಐಟಿಆರ್-4. ನಗದು ವಸೂಲಿ 5% ಮೀರದಿದ್ದರೆ ಮಿತಿ 75 ಲಕ್ಷ, ಆದರೆ ನೋಟು ಎಣಿಸಿ ಕೊಡುವ ಊರುಗಳಲ್ಲಿ ಅದು ಯಾರಿಗೆ ಸಿಗಬೇಕು! ಉಳಿದರ್ಧ ಖರ್ಚು ಅಂತಲೇ ಕಾನೂನು ಭಾವಿಸುತ್ತದೆ, ರಸೀದಿ ಕೇಳೋದಿಲ್ಲ. ಸವಕಳಿಯೂ ಅದರೊಳಗೇ ಸೇರಿಹೋಯ್ತು.

ಇದು ಲಾಭವೋ ನಷ್ಟವೋ? 2025-26ನೇ ಹಣಕಾಸು ವರ್ಷದಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯಿಂದ ತೆರಿಗೆ ಸೊನ್ನೆ. (ಎಲ್ಲರ ಬಾಯಲ್ಲಿರುವ 12.75 ಲಕ್ಷ ಸಂಬಳದಾರರದ್ದು, ಸ್ವಂತ ದವಾಖಾನೆಯವರದ್ದಲ್ಲ.) ಅಂದ್ರೆ ಬೇರೆ ಆದಾಯ ಇಲ್ಲದಿದ್ದರೆ 24 ಲಕ್ಷ ವಸೂಲಿಯ ತನಕ ಈ ದಾರಿಯಲ್ಲಿ ತೆರಿಗೆಯೇ ಇಲ್ಲ, ಅಲ್ಲಿ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳೋದು ವ್ಯರ್ಥ.

ಅದರ ಮೇಲೆ ಹೋದಾಗ ನಿಜವಾದ ಪ್ರಶ್ನೆ. ಉದಾಹರಣೆಗೆ ವಸೂಲಿ 30 ಲಕ್ಷ ಅಂತ ಇಟ್ಟುಕೊಳ್ಳೋಣ. ಅರ್ಧ 15 ಲಕ್ಷ. ಸೆಸ್ ಸೇರಿ ತೆರಿಗೆ 1,09,200 ರೂಪಾಯಿ. ಹೊಸದಾಗಿ ಕುರ್ಚಿ, ಎಕ್ಸ್-ರೇ ತಂದು ಸಾಲ ಹೊತ್ತವರಿಗೆ ನಿಜವಾದ ಖರ್ಚು 18.5 ಲಕ್ಷ ಆಗಿದ್ದರೆ ಆದಾಯ 11.5 ಲಕ್ಷ, ತೆರಿಗೆ ಇಲ್ಲ. ಆದರೆ ಅರ್ಧಕ್ಕಿಂತ ಕಡಿಮೆ ತೋರಿಸಿದರೆ ಐಟಿಆರ್-3 ತುಂಬಬೇಕು, ಲೆಕ್ಕಪುಸ್ತಕ ಇಡಬೇಕು, ಸಿ.ಎ. ಕಡೆಯಿಂದ ಆಡಿಟ್ ಮಾಡಿಸಬೇಕು. ನಮೂನೆ 3ಸಿಯಲ್ಲಿ ದಿನದ ರೋಗಿಗಳ ದಾಖಲೆ ಬೇರೆ. ಅದರ ಶೀರ್ಷಿಕೆಯಲ್ಲಿ ದಂತವೈದ್ಯರ ಜೊತೆ ವೈದ್ಯರು, ಹಕೀಮರು ಇನ್ನೂ ಇದ್ದಾರೆ ಅನ್ನೋದು ನನಗಂತೂ ಖುಷಿ ಕೊಟ್ಟಿತು.

ಅತ್ತಿಗೆಗೆ ಪೆಟ್ಟು ಬಿದ್ದದ್ದು ನಗದಿನಲ್ಲಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಲೆಕ್ಕಕ್ಕೇ ಬರೋದಿಲ್ಲ. ಹಾಗೆ ಕೊಂಡ ಯಂತ್ರಕ್ಕೆ ಸವಕಳಿಯೂ ಇಲ್ಲ. ಅವರು ಲ್ಯಾಬಿಗೆ ತಿಂಗಳ ಕೊನೆಗೆ ನೋಟು ಕಟ್ಟಿ ಕೊಡ್ತಿದ್ದರು, ಎಕ್ಸ್-ರೇ ಯಂತ್ರವನ್ನೂ ಹಂಗೇ ತಂದಿದ್ದರು. ರಸೀದಿಗಳಿದ್ದವು, ಪ್ರಯೋಜನ ಇರಲಿಲ್ಲ. ಆ ವರ್ಷ ಅವರು ಅರ್ಧದ ದಾರಿಯನ್ನೇ ಹಿಡಿದು ತೆರಿಗೆ ಕಟ್ಟಿದರು.

ಈಗ ಲ್ಯಾಬಿನ ಹಣ ಬ್ಯಾಂಕಿನಿಂದ ಹೋಗ್ತದ. ವಹಿ ಎರಡಾಗಿವೆ: ಒಂದರ ಮೇಲೆ ‘ದವಾಖಾನಿ’, ಇನ್ನೊಂದರ ಮೇಲೆ ‘ಮನಿ’. ಎರಡರಲ್ಲೂ ಕಾಲಮಿನ ಹೆಸರು ಮಾತ್ರ ಖರ್ಚು ಅಂತಲೇ ಅದ.