ಯಾವ ನುಡಿಯಲ್ಲಿ ಉತ್ತರ?

ಹಳಿಯಾಳದ ಸಂತೆಯಲ್ಲಿ ಮರಾಠಿ, ಜೋಯಿಡಾದ ಕಾಡುಹಳ್ಳಿಗಳಲ್ಲಿ ಕೊಂಕಣಿ, ಕಾಗದದ ಕಾರ್ಖಾನೆಯ ದಾಂಡೇಲಿಯಲ್ಲಿ ಹಿಂದಿ, ಉರ್ದು. ಎಲ್ಲವೂ ಕನ್ನಡದೊಡನೆ ಬೆರೆತಿವೆ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಸೀಮೆಯಿದು. ಇಂಥಲ್ಲಿ ಯಾರೊಡನೆ ಯಾವ ನುಡಿ ಎಂಬುದು ಮರ್ಯಾದೆಯ ವಿಚಾರ.

1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿರುವ ಮುಂಡಗೋಡಿನಲ್ಲೊಮ್ಮೆ, ಅವರ ಅಂಗಡಿಯೊಂದರಲ್ಲಿ ವೃದ್ಧೆಯೊಬ್ಬರು ತಡವರಿಸುತ್ತ, “ಏನು ಬೇಕ್ರೀ?” ಎಂದರು. ಅವರಿಗೆ ಸುಲಭವಾಗಲೆಂದು ನಾನು ಹಿಂದಿಯಲ್ಲಿ ಉತ್ತರಿಸಿದೆ. ಅವರ ಮುಖ ಬಾಡಿತು. ‘ನಿಮ್ಮ ಕನ್ನಡ ಸಾಲದು’ ಎಂದೇ ನಾನು ಹೇಳಿದಂತಾಗಿತ್ತು.

ಎದುರಿನವರು ಆರಿಸಿದ ನುಡಿಯಲ್ಲಿಯೇ ಉತ್ತರಿಸಬೇಕು. ಅವರಾಗಿ ಬದಲಿಸಿದರೆ ನಾವೂ ಬದಲಿಸಬಹುದು. ನನ್ನ ಹರಕು ಮರಾಠಿಗೆ ಹಳಿಯಾಳದ ಅಂಗಡಿಕಾರರು ಮರಾಠಿಯಲ್ಲಿಯೇ, ನಿಧಾನವಾಗಿ, ಮಾರುತ್ತರ ಕೊಡುತ್ತಾರೆ. ಆ ಸೌಜನ್ಯವನ್ನು ನಾನು ಕಲಿತದ್ದು ತಡವಾಗಿ.